ಹುಲ್ಲಿನ ಚರಿತ್ರೆ ಅರಿಯದ ನೀತಿ

ಭತ್ತ ಒಂದು ಹುಲ್ಲು. ರಾಗಿಯೂ ಹುಲ್ಲೇ. ಜೋಳ, ಗೋಧಿ, ಕಬ್ಬು, ಬಿದಿರು, ಗಣಪತಿಗೆ ಏರಿಸುವ ಗರಿಕೆ, ಶ್ರಾದ್ಧಕ್ಕೆ ಬೇಕಾಗುವ ದರ್ಭೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದವು. ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ದೊಡ್ಡ ಮನೆತನ ಒಂದು ಮುಖ್ಯ ವಿಷಯದಲ್ಲಿ ಎರಡು ಪಾಲಾಗಿದೆ. ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದು, ಬಿಸಿಲಿನ ಬಲದಿಂದ ಅದನ್ನು ಸಕ್ಕರೆಯಾಗಿಸುವ ದ್ಯುತಿಸಂಶ್ಲೇಷಣೆಯ ಕ್ರಮ ಭತ್ತ, ಗೋಧಿ, ಬಿದಿರುಗಳಲ್ಲಿ ಒಂದು ಬಗೆಯದು. ರಾಗಿ, ಜೋಳ, ಕಬ್ಬು, ಗರಿಕೆಗಳಲ್ಲಿ ಇನ್ನೊಂದು ಬಗೆಯದು. ಸಸ್ಯವಿಜ್ಞಾನಿಗಳು ಮೊದಲನೆಯದನ್ನು ಸಿ-3 ಎಂದೂ ಎರಡನೆಯದನ್ನು ಸಿ-4 ಎಂದೂ ಕರೆಯುತ್ತಾರೆ.

ಪದವಿ ತರಗತಿಯ ಪಠ್ಯದಲ್ಲಿ ಕೆಲವೇ ಪುಟಗಳಲ್ಲಿ ಮುಗಿದುಹೋಗುವ ಈ ವ್ಯತ್ಯಾಸಕ್ಕೂ ನಾಡಿನ ಆಡಳಿತಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಸ್ಯಶಾಸ್ತ್ರದ ಪಾಠ ಹೇಳುತ್ತ ಬಹುಕಾಲ ಕಳೆದ ನನಗೆ ಈ ಸಂಬಂಧ ದಿನೇ ದಿನೇ ಸ್ಪಷ್ಟವಾಗುತ್ತಿದೆ. ಧಾನ್ಯವೆಂದರೆ ಅಕ್ಕಿ, ಒಳ್ಳೆಯ ಭೂಮಿಯೆಂದರೆ ನೀರಾವರಿಯ ಗದ್ದೆ ಇಲ್ಲವೇ ದಟ್ಟ ಕಾಡು ಎಂಬ ಎಣಿಕೆಯ ಮೇಲೆ ನಮ್ಮ ಆಹಾರ ನೀತಿ ಮತ್ತು ಭೂನೀತಿಗಳು ನಿಂತಿವೆ. ತಂಪು, ನೆರಳು, ನೀರುಗಳ ಲೋಕದ ಅಳತೆಗೋಲು ಅದು. ಅದೇ ಕೋಲಿನಿಂದ ಬಿಸಿಲು ಬಯಲಿನ ಬೆಳೆಯನ್ನೂ ನೆಲವನ್ನೂ ಅಳೆದು, ಒಂದಕ್ಕೆ ‘ಒರಟು ಧಾನ್ಯ’ ಎಂದೂ ಇನ್ನೊಂದಕ್ಕೆ ‘ಪಾಳುಭೂಮಿ’ ಎಂದೂ ಹೆಸರಿಟ್ಟಿದ್ದೇವೆ. ಹುಲ್ಲುಗಳು ಮೂರು ಕೋಟಿ ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ಒಮ್ಮೆ ನೋಡಿದರೆ ಈ ಹೆಸರುಗಳು ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ.

ಮೊದಲಿಗೆ ಹಳೆಯ ಕ್ರಮದ ತೊಡಕನ್ನು ಗಮನಿಸಬೇಕು. ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕೆಲಸ ರುಬಿಸ್ಕೊ ಎಂಬ ಕಿಣ್ವದ್ದು. ಭೂಮಿಯ ವಾತಾವರಣದಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆಯಿದ್ದ ಕಾಲದಲ್ಲಿ, ಅಂದರೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ, ಈ ಕಿಣ್ವ ರೂಪುಗೊಂಡಿತು. ಆಗ ಅದಕ್ಕೆ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ನಡುವೆ ಬೇಧ ಮಾಡುವ ಅಗತ್ಯವೇ ಬೀಳಲಿಲ್ಲ. ಮುಂದೆ ದ್ಯುತಿಸಂಶ್ಲೇಷಣೆಯಿಂದಲೇ ಗಾಳಿಯಲ್ಲಿ ಆಮ್ಲಜನಕ ತುಂಬಿಕೊಂಡಾಗ ಹಳೆಯ ಕೊರತೆ ಬೆಳಕಿಗೆ ಬಂತು. ಇಂದಿನ ಗಾಳಿಯಲ್ಲಿ, ಬೆಚ್ಚಗಿನ ಹಗಲಿನಲ್ಲಿ, ಭತ್ತದ ಎಲೆಯ ರುಬಿಸ್ಕೊ ನಾಲ್ಕೈದು ಸಲಕ್ಕೆ ಒಂದು ಸಲ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಅದರಿಂದ ಹುಟ್ಟುವ ನಿರುಪಯುಕ್ತ ವಸ್ತುವನ್ನು ಸರಿಪಡಿಸಲು ಸಸ್ಯ ತನ್ನ ಶಕ್ತಿ ವ್ಯಯಿಸಬೇಕು. ಆಗಲೇ ಗಳಿಸಿದ್ದ ಇಂಗಾಲದ ಒಂದು ಭಾಗವನ್ನೂ ಗಾಳಿಗೆ ಬಿಟ್ಟುಕೊಡಬೇಕು. ದ್ಯುತಿಉಸಿರಾಟ ಎಂದು ಕರೆಯುವ ಈ ಸೋರಿಕೆ ಬಿಸಿಲೇರಿದಂತೆ ಹೆಚ್ಚುತ್ತದೆ. ನೀರು ಉಳಿಸಲೆಂದು ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಂಡರೆ ಒಳಗೆ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಕುಗ್ಗಿ, ಸೋರಿಕೆ ಮತ್ತಷ್ಟಾಗುತ್ತದೆ.

ಈ ಸೋರಿಕೆಯಿಂದ ಪಾರಾಗುವ ದಾರಿಯೇ ಸಿ-4. ಇದು ಬೆಳಕಿಗೆ ಬಂದದ್ದು ಕಬ್ಬಿನ ಎಲೆಯಿಂದ ಎಂಬುದು ಕುತೂಹಲದ ಸಂಗತಿ. ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ವಿಕಿರಣಶೀಲ ಇಂಗಾಲವನ್ನು ಬಳಸಿ, ಸಸ್ಯ ಹಿಡಿದ ಇಂಗಾಲ ಮೊದಲು ಮೂರು ಇಂಗಾಲದ ಪರಮಾಣುಗಳಿರುವ ಒಂದು ಆಮ್ಲವಾಗಿ ಕಾಣಿಸಿಕೊಳ್ಳುತ್ತದೆಂದು ತೋರಿಸಿದ್ದರು. ಅದಕ್ಕಾಗಿ ಕ್ಯಾಲ್ವಿನ್‌ಗೆ 1961ರ ನೊಬೆಲ್ ಪ್ರಶಸ್ತಿ ಸಂದಿತು. ಎಲ್ಲ ಗಿಡಗಳದೂ ಇದೇ ದಾರಿ ಎಂದು ಲೋಕ ನಂಬಿತು. ಆದರೆ ಹವಾಯಿ ದ್ವೀಪದ ಕಬ್ಬು ಬೆಳೆಗಾರರ ಸಂಶೋಧನಾ ಕೇಂದ್ರದಲ್ಲಿ ಹ್ಯೂಗೊ ಕೋರ್ಟ್‌ಶಾಕ್ ಮತ್ತು ಸಹೋದ್ಯೋಗಿಗಳು ಕಬ್ಬಿನ ಎಲೆಯಲ್ಲಿ ಕಂಡದ್ದೇ ಬೇರೆ. ಅಲ್ಲಿ ಇಂಗಾಲ ಮೊದಲು ನಾಲ್ಕು ಪರಮಾಣುಗಳ ಆಮ್ಲಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೂ ಮುನ್ನ 1960ರಲ್ಲಿ ಸೋವಿಯತ್ ರಷ್ಯಾದ ಯೂರಿ ಕಾರ್ಪಿಲೋವ್ ಮೆಕ್ಕೆಜೋಳದಲ್ಲಿ ಇಂಥದೇ ಫಲಿತಾಂಶ ಕಂಡಿದ್ದರು. ಹೊರಜಗತ್ತಿಗೆ ಅದು ಬೇಗ ತಿಳಿಯಲಿಲ್ಲ. ಹವಾಯಿಯ ವರದಿ 1965ರಲ್ಲಿ ಪ್ರಕಟವಾದ ಮೇಲೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಆ ಎಳೆಯನ್ನು ಹಿಡಿದು, 1966ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಇಡೀ ಕ್ರಮವನ್ನು ಬಿಡಿಸಿಟ್ಟರು.

ಆ ಕ್ರಮ ಸ್ಥೂಲವಾಗಿ ಹೀಗಿದೆ. ಸಿ-4 ಎಲೆಯಲ್ಲಿ ಕೆಲಸ ಎರಡು ಬಗೆಯ ಕೋಶಗಳಿಗೆ ಹಂಚಿಕೆಯಾಗಿರುತ್ತದೆ. ಹೊರಗಿನ ಕೋಶಗಳಲ್ಲಿ ಇಂಗಾಲವನ್ನು ಹಿಡಿಯುವುದು ರುಬಿಸ್ಕೊ ಅಲ್ಲ, ಆಮ್ಲಜನಕದ ಗೊಡವೆಗೇ ಹೋಗದ ಬೇರೊಂದು ಕಿಣ್ವ. ಅಲ್ಲಿ ತಯಾರಾದ ನಾಲ್ಕು ಇಂಗಾಲದ ಆಮ್ಲ, ಎಲೆಯ ನಾಳಗಳನ್ನು ಮಾಲೆಯಂತೆ ಸುತ್ತುವರಿದಿರುವ ದಪ್ಪ ಕೋಶಗಳೊಳಗೆ ಸಾಗುತ್ತದೆ. ಅಲ್ಲಿ ಅದು ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ಆ ಮುಚ್ಚಿದ ಕೋಣೆಯಲ್ಲಿ ಕುಳಿತಿರುವ ರುಬಿಸ್ಕೊಗೆ ಈಗ ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ದೊರೆಯುವುದರಿಂದ ಅದು ತಪ್ಪುವ ಸಂದರ್ಭ ತೀರ ಕಡಿಮೆ. ನಾಳಗಳ ಸುತ್ತಣ ಈ ಮಾಲೆಯಾಕಾರದ ರಚನೆಯನ್ನು 1880ರ ದಶಕದಲ್ಲೇ ಹಾಬರ್‌ಲಾಂಟ್ ಎಂಬ ಸಸ್ಯವಿಜ್ಞಾನಿ ಗುರುತಿಸಿದ್ದರು. ಜರ್ಮನ್ ಭಾಷೆಯಲ್ಲಿ ಮಾಲೆಗೆ ‘ಕ್ರಾಂಜ್’ ಎನ್ನುತ್ತಾರೆ. ಅದು ಯಾಕಾಗಿ ಇದೆ ಎಂಬುದು ತಿಳಿಯಲು ಮಾತ್ರ ಎಂಟು ದಶಕಗಳೇ ಬೇಕಾದವು.

ಇದರ ಲಾಭ ಸಣ್ಣದಲ್ಲ. ಪತ್ರರಂಧ್ರಗಳನ್ನು ಕಿರಿದಾಗಿ ತೆರೆದರೂ ಸಾಕಷ್ಟು ಇಂಗಾಲ ದೊರೆಯುವುದರಿಂದ ಅಷ್ಟೇ ತೂಕದ ಪೈರು ಕಟ್ಟಲು ಸಿ-4 ಸಸ್ಯಕ್ಕೆ ಸಿ-3 ಸಸ್ಯದ ಅರ್ಧದಷ್ಟು ನೀರು ಸಾಕಾಗುತ್ತದೆ. ರುಬಿಸ್ಕೊ ಕಡಿಮೆ ಸಾಕಾದ್ದರಿಂದ ಸಾರಜನಕವೂ ಉಳಿತಾಯ. ಹಾಗೆಂದು ಇದು ಪುಕ್ಕಟೆ ಬಂದದ್ದಲ್ಲ. ಇಂಗಾಲವನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಪಂಪು ಮಾಡಲು ಹೆಚ್ಚಿನ ಶಕ್ತಿ ತೆರಬೇಕು. ಆ ಶಕ್ತಿ ಬರುವುದು ಬಿಸಿಲಿನಿಂದ. ಆದ್ದರಿಂದ ನೆರಳಿನಲ್ಲಿ, ಚಳಿಯಲ್ಲಿ ಸಿ-3 ಕ್ರಮವೇ ಲಾಭಕರ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತೆರೆದ ಬಿಸಿಲಿನಲ್ಲಿ ತಕ್ಕಡಿ ಸಿ-4ರ ಕಡೆಗೆ ವಾಲುತ್ತದೆ. ಒಂದು ಮೇಲು, ಇನ್ನೊಂದು ಕೀಳು ಎಂಬ ಮಾತು ಇಲ್ಲಿಲ್ಲ. ಯಾವ ನೆಲಕ್ಕೆ ಯಾವುದು ಸರಿ ಎಂಬುದಷ್ಟೇ ಪ್ರಶ್ನೆ.

ಇಷ್ಟು ಜಟಿಲವಾದ ವ್ಯವಸ್ಥೆ ಹುಟ್ಟಿದ್ದು ಹೇಗೆ? ಒಮ್ಮೆ, ಎಲ್ಲೋ ಒಂದು ಗಿಡದಲ್ಲಿ ಹುಟ್ಟಿ ಅದರ ಸಂತತಿಗೆಲ್ಲ ಹಬ್ಬಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ವಂಶವಾಹಿಗಳ ಹೋಲಿಕೆಯಿಂದ ರಚಿಸಿದ ಹುಲ್ಲಿನ ವಂಶವೃಕ್ಷ ಹೇಳುವುದೇ ಬೇರೆ. ಹುಲ್ಲುಗಳಲ್ಲೇ ಸಿ-4 ಕ್ರಮ ಇಪ್ಪತ್ತಕ್ಕೂ ಹೆಚ್ಚು ಬಾರಿ, ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದೆ. ಹೂ ಬಿಡುವ ಎಲ್ಲ ಸಸ್ಯಗಳನ್ನೂ ಲೆಕ್ಕ ಹಾಕಿದರೆ ಈ ಸಂಖ್ಯೆ ಅರವತ್ತನ್ನು ದಾಟುತ್ತದೆ. ರಾಗಿಯ ಪೂರ್ವಜರು ಈ ದಾರಿಯನ್ನು ಕಂಡುಕೊಂಡದ್ದು ಬೇರೆ, ಜೋಳದ ಪೂರ್ವಜರು ಕಂಡುಕೊಂಡದ್ದು ಬೇರೆ, ನವಣೆಯ ಪೂರ್ವಜರದು ಇನ್ನೂ ಬೇರೆ. ಹಾಗಾಗಿ ಒಳಗಿನ ರಸಾಯನಕ್ರಮವೂ ಒಂದೇ ಅಲ್ಲ. ನಾಲ್ಕು ಇಂಗಾಲದ ಆಮ್ಲವನ್ನು ಒಡೆಯಲು ಜೋಳ, ಕಬ್ಬು, ಮೆಕ್ಕೆಜೋಳಗಳು ಬಳಸುವ ಕಿಣ್ವ ಒಂದು, ರಾಗಿ ಮತ್ತು ಬರಗು ಬಳಸುವುದು ಇನ್ನೊಂದು, ದನಕ್ಕೆ ಹಾಕುವ ಗಿನಿ ಹುಲ್ಲು ಹೆಚ್ಚಾಗಿ ನೆಚ್ಚಿಕೊಂಡಿರುವುದು ಮೂರನೆಯದು. ದಾರಿ ಬೇರೆಯಾದರೂ ತಲುಪಿದ ಊರು ಒಂದೇ. ಇಂಗಾಲ ಹಿಡಿಯುವ ಆ ಮೊದಲ ಕಿಣ್ವದ ಒಂದೇ ಸ್ಥಾನದಲ್ಲಿ ಒಂದೇ ಬಗೆಯ ಬದಲಾವಣೆ ಹಲವು ಹುಲ್ಲುಗಳಲ್ಲಿ ಮತ್ತೆ ಮತ್ತೆ ಆಗಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ.

ಇಲ್ಲಿ ಇನ್ನೊಂದು ಅಂಶ ಬಹಳ ಮುಖ್ಯ. ಹುಲ್ಲಿನ ಕುಟುಂಬದ ಬಹುಪಾಲು ಸದಸ್ಯರು ಎರಡು ದೊಡ್ಡ ಶಾಖೆಗಳಲ್ಲಿ ಸೇರಿಕೊಂಡಿದ್ದಾರೆ. ಭತ್ತ, ಗೋಧಿ, ಬಿದಿರುಗಳಿರುವ ಶಾಖೆಯಲ್ಲಿ ಸಿ-4 ಒಮ್ಮೆಯೂ ಹುಟ್ಟಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹುಟ್ಟುಗಳೆಲ್ಲ ಇನ್ನೊಂದು ಶಾಖೆಯಲ್ಲೇ ನಡೆದವು. ಆ ಶಾಖೆಯ ಹುಲ್ಲುಗಳಲ್ಲಿ ಎಲೆಯ ನಾಳಗಳು ಹತ್ತಿರ ಹತ್ತಿರ ಇದ್ದವು, ಅವುಗಳನ್ನು ಸುತ್ತಿದ ಕೋಶಗಳು ಮೊದಲೇ ದೊಡ್ಡವಾಗಿದ್ದವು. ಅಂದರೆ ಮನೆ ಕಟ್ಟುವ ಮುಂಚೆಯೇ ಅಡಿಪಾಯ ಸಿದ್ಧವಿತ್ತು. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಗಣನೀಯವಾಗಿ ಇಳಿದಾಗ, ಬೆಚ್ಚಗಿನ ನಾಡುಗಳಲ್ಲಿ ರುಬಿಸ್ಕೊದ ಸೋರಿಕೆ ತಾಳಲಾರದ ಹೊರೆಯಾಯಿತು. ಅಡಿಪಾಯ ಇದ್ದ ಹುಲ್ಲುಗಳು ಆಗ ಹೊಸ ದಾರಿ ಹಿಡಿದವು.

ಆ ದಾರಿಯೂ ಒಂದೇ ನೆಗೆತದ್ದಲ್ಲ. ಅರ್ಧ ದಾರಿಯಲ್ಲಿ ನಿಂತಿರುವ ಹುಲ್ಲುಗಳು ಇಂದಿಗೂ ಇವೆ. ಇವು ದ್ಯುತಿಉಸಿರಾಟದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬೀಳುವ ಹಂತವನ್ನು ಮಾತ್ರ ನಾಳದ ಸುತ್ತಣ ಕೋಶಗಳಿಗೆ ವರ್ಗಾಯಿಸಿಕೊಂಡಿವೆ. ಹಾಗಾಗಿ ಗಾಳಿಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಅಲ್ಲೇ ಬಿಡುಗಡೆಯಾಗಿ ಅಲ್ಲೇ ಮತ್ತೆ ಬಳಕೆಯಾಗುತ್ತದೆ. ಸೋರುವ ಮಾಡಿನ ಕೆಳಗೆ ಕೊಡ ಇಟ್ಟು, ಬಿದ್ದ ನೀರನ್ನೇ ಮನೆ ಬಳಕೆಗೆ ಮಾಡಿಕೊಂಡಂತೆ. ಆಫ್ರಿಕಾದಿಂದ ಏಷ್ಯಾ, ಆಸ್ಟ್ರೇಲಿಯಾಗಳವರೆಗೆ ಹಬ್ಬಿರುವ ಅಲೊಟೆರೊಪ್ಸಿಸ್ ಸೆಮಿಅಲಾಟ ಎಂಬ ಒಂದೇ ಪ್ರಭೇದದಲ್ಲಿ ಸಿ-3 ಗಿಡಗಳೂ ಸಿ-4 ಗಿಡಗಳೂ ನಡುವಿನ ಬಗೆಯವೂ ಇವೆ. ವಿಕಾಸವನ್ನು ಕಣ್ಣಾರೆ ಕಾಣಲಾಗದು ಎನ್ನುವವರಿಗೆ ಈ ಹುಲ್ಲನ್ನು ತೋರಿಸಬಹುದು. ಪ್ರತಿ ಹಂತವೂ ಆಯಾ ಕಾಲದಲ್ಲಿ ಗಿಡಕ್ಕೆ ಒಂದಿಷ್ಟು ಅನುಕೂಲ ಮಾಡಿಕೊಟ್ಟದ್ದರಿಂದಲೇ ಮುಂದಿನ ಹಂತ ಸಾಧ್ಯವಾಯಿತು.

ಸಿ-4 ಹುಲ್ಲುಗಳು ಹುಟ್ಟಿದ ಕೂಡಲೇ ಭೂಮಿಯನ್ನು ಆಳಲಿಲ್ಲ. ಎರಡು ಕೋಟಿಗೂ ಹೆಚ್ಚು ವರ್ಷ ಅವು ಅಲ್ಲಲ್ಲಿ ಬದುಕಿಕೊಂಡಿದ್ದವು. ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ, ಒಣ ಹವೆ, ಕಾಳ್ಗಿಚ್ಚು, ಋತುಮಾನದ ಮಳೆಗಳು ಕಾಡನ್ನು ಹಿಂದಕ್ಕೆ ಸರಿಸಿದಾಗ ಅವು ಹಲವು ಖಂಡಗಳಲ್ಲಿ ಬಯಲುಗಳನ್ನು ಆವರಿಸಿದವು. ಇದಕ್ಕೆ ಮೊದಮೊದಲು ದೊರೆತ ಪ್ರಬಲ ಸಾಕ್ಷ್ಯಗಳಲ್ಲಿ ಒಂದು ನಮ್ಮ ಉಪಖಂಡದ್ದೇ. ಸಿ-4 ಸಸ್ಯಗಳ ದೇಹದಲ್ಲಿ ಇಂಗಾಲ-13 ಎಂಬ ತುಸು ಭಾರದ ಇಂಗಾಲದ ಪಾಲು ಸಿ-3 ಸಸ್ಯಗಳಲ್ಲಿರುವುದಕ್ಕಿಂತ ಹೆಚ್ಚು. ಈ ಗುರುತು ಮಣ್ಣಿನಲ್ಲೂ ಮೇಯುವ ಪ್ರಾಣಿಗಳ ಹಲ್ಲುಗಳಲ್ಲೂ ಉಳಿದುಕೊಳ್ಳುತ್ತದೆ. ಈಗ ಪಾಕಿಸ್ತಾನದಲ್ಲಿರುವ ಶಿವಾಲಿಕ್ ಪದರಗಳ ಹಳೆಯ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 70 ಲಕ್ಷ ವರ್ಷಗಳ ಹಿಂದೆ ಅಲ್ಲಿ ಸಿ-3 ಸಸ್ಯಗಳ ಲೋಕ ಸರಿದು ಸಿ-4 ಹುಲ್ಲಿನ ಬಯಲು ಬಂದುದನ್ನು 1989ರಲ್ಲಿ ವರದಿ ಮಾಡಿದರು. ಇಂದು ಸಸ್ಯ ಪ್ರಭೇದಗಳಲ್ಲಿ ಸಿ-4 ಬಗೆಯವು ನೂರಕ್ಕೆ ಮೂರರಷ್ಟು ಮಾತ್ರ. ಆದರೆ ನೆಲದ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಅವುಗಳ ಪಾಲು ಸುಮಾರು ನಾಲ್ಕನೇ ಒಂದು.

ಈ ಚರಿತ್ರೆಯನ್ನು ಮುಂದಿಟ್ಟುಕೊಂಡು ನಮ್ಮ ತಟ್ಟೆಯನ್ನು ನೋಡೋಣ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಬರಗು ಎಲ್ಲವೂ ಸಿ-4. ಅಕ್ಕಿ, ಗೋಧಿ ಸಿ-3. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತ ಮತ್ತು ರಾಗಿಗಳ ನಡುವೆ ವಾದ ಹೂಡಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಗಿಯನ್ನು ಗೆಲ್ಲಿಸಿದ್ದು ಸಮಾಜದ ಮೇಲು-ಕೀಳನ್ನು ಪ್ರಶ್ನಿಸಲು. ಅವರ ಪರೀಕ್ಷೆ ಕಣಜದಲ್ಲಿ ಕೆಡದೆ ಉಳಿಯುವುದರದ್ದಾಗಿತ್ತು. ಬಿಸಿಲಿನ ಪರೀಕ್ಷೆಯನ್ನು ರಾಗಿಯ ಎಲೆ ಅದಕ್ಕೂ ಬಹಳ ಹಿಂದೆಯೇ ಗೆದ್ದಿತ್ತು ಎಂಬುದು ನಮ್ಮ ಕಾಲಕ್ಕೆ ತಿಳಿದುಬಂದ ಸತ್ಯ.

ಈಗ ಒಂದು ವಿಚಿತ್ರವನ್ನು ಗಮನಿಸಿ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಮೊಳೆತ ಒಂದು ಯೋಜನೆ, ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 2008ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಭತ್ತದ ಎಲೆಯೊಳಗೆ ಸಿ-4 ಕ್ರಮವನ್ನು ಕೂಡಿಸಿ, ಇಳುವರಿಯನ್ನು ಶೇ 50ರಷ್ಟು ಹೆಚ್ಚಿಸುವುದು, ನೀರು ಮತ್ತು ಸಾರಜನಕವನ್ನು ಉಳಿಸುವುದು ಅದರ ಗುರಿ. ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವಕ್ಕೆ ಬಂದ ಈ ಕೆಲಸದಲ್ಲಿ ಹಲವು ದೇಶಗಳ ನಿಪುಣರು ತೊಡಗಿದ್ದಾರೆ. ಬೇಕಾದ ಕಿಣ್ವಗಳ ವಂಶವಾಹಿಗಳನ್ನು ಭತ್ತಕ್ಕೆ ಸೇರಿಸುವುದು ಸಾಧ್ಯವಾಗಿದೆ. ಎಲೆಯ ಅಂಗರಚನೆಯನ್ನೇ ಬದಲಿಸುವುದು ಮಾತ್ರ ಕಗ್ಗಂಟಾಗಿ ಉಳಿದಿದೆ. ಅಡಿಪಾಯವೇ ಇಲ್ಲದ ಶಾಖೆಯಲ್ಲಿ ಮಹಡಿ ಕಟ್ಟುವ ಸಾಹಸ ಅದು. ಸಿ-4 ಭತ್ತ ಇನ್ನೂ ರೈತನ ಗದ್ದೆಗೆ ಇಳಿದಿಲ್ಲ.

ಈ ಸಂಶೋಧನೆ ಬೇಡವೆಂದು ನಾನು ಹೇಳುವುದಿಲ್ಲ. ಅನ್ನವನ್ನೇ ನೆಚ್ಚಿಕೊಂಡ ಕೋಟ್ಯಂತರ ಜನರಿರುವ ಏಷ್ಯಾಕ್ಕೆ ಅದು ಬೇಕು. ಸೋತರೂ ಅದು ಕಲಿಸುವುದು ಬಹಳವಿದೆ. ನನ್ನ ಆಕ್ಷೇಪ ನಮ್ಮವರ ಮರೆವಿನ ಬಗ್ಗೆ. ಭತ್ತಕ್ಕೆ ಯಾವ ಗುಣ ಬರಲೆಂದು ಲೋಕವೇ ಹಂಬಲಿಸುತ್ತಿದೆಯೋ ಆ ಗುಣವನ್ನು ಹುಟ್ಟಿನಿಂದಲೇ ಪಡೆದ ಧಾನ್ಯ ತುಮಕೂರು, ಕೋಲಾರ, ರಾಮನಗರಗಳ ಹೊಲದಲ್ಲಿ ಮಳೆಯಾಶ್ರಯದಲ್ಲೇ ಬೆಳೆಯುತ್ತಿದೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಆದರೂ 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೇಂದ್ರದಿಂದ ದೊರೆಯದಾದಾಗ ರಾಜ್ಯ ಸರ್ಕಾರ ಅಕ್ಕಿಗಾಗಿ ನೆರೆಹೊರೆಯ ರಾಜ್ಯಗಳ ಬಾಗಿಲು ತಟ್ಟಿತು. ಸಿಗದೇ ಹೋದಾಗ ಕೆ.ಜಿ.ಗೆ 34 ರೂಪಾಯಿಯ ಲೆಕ್ಕದಲ್ಲಿ ಹಣವನ್ನೇ ಜನರ ಖಾತೆಗೆ ಹಾಕಿತು. ರಾಗಿ, ಜೋಳಗಳ ಮಾತು ಆಗ ಬಂತಾದರೂ ಅದು ಅಕ್ಕಿಯ ಜೊತೆಗಿನ ಪೂರಕವಾಗಿ ಮಾತ್ರ. ಅದೇ 2023ನೇ ವರ್ಷವನ್ನು, ಭಾರತದ ಪ್ರಸ್ತಾವದಂತೆ, ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸುತ್ತಿತ್ತು.

ರಾಗಿಯ ಇಳುವರಿ ಕಡಿಮೆ, ಅದರಿಂದ ನಾಡಿನ ಹೊಟ್ಟೆ ತುಂಬದು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಾದ. ನೀರಾವರಿ, ಗೊಬ್ಬರ, ದಶಕಗಳ ಸಂಶೋಧನೆ, ಖರೀದಿಯ ಖಾತ್ರಿ ಇವೆಲ್ಲವನ್ನೂ ಪಡೆದ ಭತ್ತದ ಜೊತೆಗೆ, ಬಡ ಮಣ್ಣಿನಲ್ಲಿ ಮಳೆಯನ್ನೇ ನಂಬಿದ ರಾಗಿಯನ್ನು ಹೋಲಿಸುವುದು ನ್ಯಾಯವಲ್ಲ. ಗಮನ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ರಾಗಿಯ ತವರಾದ ಆಫ್ರಿಕಾದ ತಳಿಗಳನ್ನು ಭಾರತದ ತಳಿಗಳೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ರಾಗಿ ಬೆಳೆಗಾರರ ಇಳುವರಿ ಅವುಗಳಿಂದ ಏರಿತು. ಜನ ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದರು. ದೊಡ್ಡ ಪ್ರತಿಷ್ಠಾನದ ಹಣವಿಲ್ಲದೆ, ಒಬ್ಬ ವಿಜ್ಞಾನಿಯ ಶ್ರದ್ಧೆಯಿಂದ ಇಷ್ಟು ಸಾಧ್ಯವಾಗಿದ್ದರೆ, ವ್ಯವಸ್ಥಿತವಾಗಿ ಹಣ ತೊಡಗಿಸಿದಾಗ ಎಷ್ಟು ಸಾಧ್ಯವಾಗಬಹುದೆಂಬುದನ್ನು ಊಹಿಸಬಹುದು.

ಎರಡನೆಯ ವಾದ ವಿಜ್ಞಾನದ ಹೆಸರಿನಲ್ಲಿ ಬರುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಹುಟ್ಟಿದ್ದು ಸಿ-4. ಕೈಗಾರಿಕಾ ಯುಗಕ್ಕೆ ಮುನ್ನ ಹತ್ತು ಲಕ್ಷ ಭಾಗಗಳಲ್ಲಿ 280ರಷ್ಟಿದ್ದ ಈ ಅನಿಲ ಈಗ 420ನ್ನು ದಾಟಿದೆ. ಹಾಗಾದರೆ ಮುಂದಿನ ಕಾಲ ಸಿ-3 ಸಸ್ಯಗಳದ್ದಲ್ಲವೇ? ಪ್ರಶ್ನೆ ಸರಿಯಾದದ್ದೇ. ಉತ್ತರ ಅಷ್ಟು ಸರಳವಲ್ಲ. ಅಮೆರಿಕದ ಮಿನ್ನೆಸೋಟಾದ ಸೀಡರ್ ಕ್ರೀಕ್‌ನಲ್ಲಿ ಹುಲ್ಲುಗಳಿಗೆ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಒದಗಿಸಿ 20 ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೊದಲ 12 ವರ್ಷ ನಿರೀಕ್ಷೆಯಂತೆ ಸಿ-3 ಹುಲ್ಲುಗಳು ಹೆಚ್ಚು ಬೆಳೆದವು. ನಂತರದ ಎಂಟು ವರ್ಷಗಳಲ್ಲಿ ಲೆಕ್ಕ ತಲೆಕೆಳಗಾಗಿ ಸಿ-4 ಹುಲ್ಲುಗಳೇ ಮುಂದೆ ಬಂದವು. ಮಣ್ಣಿನಲ್ಲಿ ಸಾರಜನಕದ ಲಭ್ಯತೆ ಬದಲಾದದ್ದು ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಹೇಳಿದರು. ಅಷ್ಟಕ್ಕೂ ಇಂಗಾಲದ ಡೈಆಕ್ಸೈಡ್ ಒಂಟಿಯಾಗಿ ಏರುವುದಿಲ್ಲ. ಜೊತೆಗೆ ಬಿಸಿಲನ್ನೂ ಮಳೆಯ ಅನಿಶ್ಚಯವನ್ನೂ ತರುತ್ತದೆ. ಇಂಥ ಹೊತ್ತಿನಲ್ಲಿ ಒಂದೇ ಬಗೆಯ ಧಾನ್ಯದ ಮೇಲೆ ಪಣ ಒಡ್ಡುವುದು ಜಾಣತನವಲ್ಲ.

ಹಾಗೆಂದು ಸಿ-4 ಎಂಬುದನ್ನೇ ಮಂತ್ರದಂಡವಾಗಿ ಕಾಣುವ ಉತ್ಸಾಹಿಗಳನ್ನೂ ಎಚ್ಚರಿಸಬೇಕು. ಕಬ್ಬು ಕೂಡ ಸಿ-4. ಪ್ರತಿ ಹನಿಯನ್ನೂ ಅದು ಮಿತವಾಗಿಯೇ ಬಳಸುತ್ತದೆ. ಆದರೆ ವರ್ಷವಿಡೀ ಗದ್ದೆಯಲ್ಲಿ ನಿಂತು ಅಪಾರ ಪೈರು ಕಟ್ಟುವುದರಿಂದ ಕಾವೇರಿ, ಕೃಷ್ಣೆಗಳ ನಾಲೆಗಳನ್ನು ಬರಿದುಮಾಡುವ ಬೆಳೆಗಳಲ್ಲಿ ಅದೂ ಒಂದು. ಮೆಕ್ಕೆಜೋಳವೂ ಸಿ-4. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಅದು ಜೋಳ ಮತ್ತು ಕಿರುಧಾನ್ಯಗಳ ನೆಲವನ್ನು ಆಕ್ರಮಿಸಿ, ಬಹುಮಟ್ಟಿಗೆ ಕೋಳಿ ಆಹಾರಕ್ಕೂ ಕಾರ್ಖಾನೆಗಳಿಗೂ ಹೋಗುತ್ತಿದೆ. ಎಲೆಯೊಳಗಿನ ಜಾಣ್ಮೆ ಮನುಷ್ಯನ ಅವಿವೇಕಕ್ಕೆ ಮದ್ದಾಗಲಾರದು. ರಾಗಿ ಮತ್ತು ಕಿರುಧಾನ್ಯಗಳ ಹೆಚ್ಚುಗಾರಿಕೆ ಸಿ-4 ಗುಣವೊಂದರಲ್ಲೇ ಇಲ್ಲ. ಕಡಿಮೆ ಅವಧಿ, ಬಡ ಮಣ್ಣಿಗೆ ಹೊಂದಿಕೊಳ್ಳುವ ಶಕ್ತಿ, ದನಕ್ಕೆ ಮೇವಾಗುವ ಹುಲ್ಲು, ವರ್ಷಗಟ್ಟಲೆ ಕೆಡದ ಕಾಳು ಇವೆಲ್ಲ ಒಟ್ಟುಗೂಡಿದಾಗಲೇ ಅದರ ಬೆಲೆ ತಿಳಿಯುವುದು.

ಧಾನ್ಯದಷ್ಟೇ ಅನ್ಯಾಯಕ್ಕೆ ಗುರಿಯಾಗಿರುವುದು ಹುಲ್ಲುಗಾವಲು. ಮರವಿಲ್ಲದ ನೆಲವೆಲ್ಲ ಒಂದು ಕಾಲದಲ್ಲಿ ಕಾಡಾಗಿತ್ತು, ಮನುಷ್ಯ ಕಡಿದು ಬೋಳಾಗಿಸಿದ ಎಂಬ ನಂಬಿಕೆ ನಮ್ಮ ಅಧಿಕಾರಿಗಳಲ್ಲೂ ಪರಿಸರಪ್ರೇಮಿಗಳಲ್ಲೂ ಬೇರೂರಿದೆ. ಶಿವಾಲಿಕ್‌ನ ಮಣ್ಣು ಹೇಳುವ ಕಥೆ ಬೇರೆ ಎಂಬುದನ್ನು ಆಗಲೇ ನೋಡಿದೆವು. ದಕ್ಷಿಣದಲ್ಲೂ ಇಂಥ ಸಾಕ್ಷ್ಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹ ಸಂಶೋಧಕರು ನೀಲಗಿರಿ ಬೆಟ್ಟಗಳ ಜೌಗಿನಲ್ಲಿ ಪದರಪದರವಾಗಿ ಕೂಡಿದ್ದ ಸಸ್ಯಶೇಷಗಳ ಇಂಗಾಲವನ್ನು ಅಳೆದು, ಸುಮಾರು 20 ಸಾವಿರ ವರ್ಷಗಳ ಅವಧಿಯಲ್ಲಿ ಹವಾಮಾನದ ಏರಿಳಿತಕ್ಕೆ ತಕ್ಕಂತೆ ಸಿ-3 ಮತ್ತು ಸಿ-4 ಸಸ್ಯಗಳ ಪ್ರಾಬಲ್ಯ ಹಿಂದುಮುಂದಾದದ್ದನ್ನು 1993ರಲ್ಲಿ ತೋರಿಸಿದರು. ಅಲ್ಲಿಯ ಹುಲ್ಲು ಕೊಡಲಿಗಿಂತ ಹಳೆಯದು.

ಆದರೂ ಸರ್ಕಾರದ ಪಾಳುಭೂಮಿ ನಕ್ಷೆಗಳಲ್ಲಿ ಕುರುಚಲು ಬಯಲು, ಹುಲ್ಲುಗಾವಲುಗಳು ಸೇರಿಕೊಳ್ಳುತ್ತವೆ. ಪಾಳು ಎಂದು ಬರೆದ ಮೇಲೆ ಅದನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು. ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಕಾದಿರಿಸಿದ್ದ ಲಕ್ಷಾಂತರ ಎಕರೆ ಅಮೃತ್ ಮಹಲ್ ಕಾವಲುಗಳಲ್ಲಿ ಬಹುಪಾಲು ಹೀಗೆಯೇ ಕರಗಿಹೋಯಿತು. ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಪಾಲಾದದ್ದು, ಅದರ ವಿರುದ್ಧ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಉಳಿದ ಕಡೆ ಅರಣ್ಯೀಕರಣದ ಹೆಸರಿನಲ್ಲಿ ನೀಲಗಿರಿ, ಅಕೇಶಿಯಾ ಸಸಿಗಳು. ಬಯಲು ಹುಲ್ಲನ್ನೇ ನಂಬಿದ ಕೃಷ್ಣಮೃಗಕ್ಕಾಗಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಘೋಷಿಸಿದ್ದೇವೆ. ಅದರೊಳಗೇ ನೀಲಗಿರಿ ನೆಡುತೋಪುಗಳು ಹರಡಿವೆ. ಬಿಸಿಲನ್ನು ಬಯಸುವ ಸಿ-4 ಹುಲ್ಲಿನ ಮೇಲೆ ನೆರಳು ಬಿದ್ದರೆ ಅದು ಸಾಯುತ್ತದೆ. ಅದರ ಜೊತೆಗೆ ಕುರಿಗಾಹಿಯ ಮೇವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಬೇರಿನ ಮೂಲಕ ಮಣ್ಣಿನಾಳದಲ್ಲಿ ಸೇರಿದ ಇಂಗಾಲ ಎಲ್ಲಕ್ಕೂ ಪೆಟ್ಟು. ವನಮಹೋತ್ಸವದ ಲೆಕ್ಕದ ಪುಸ್ತಕದಲ್ಲಿ ಇದ್ಯಾವುದೂ ಬರುವುದಿಲ್ಲ.

ಮಾಡಬೇಕಾದದ್ದು ಏನು? ಮೂರು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ. ಮೊದಲನೆಯದಾಗಿ, ಪಡಿತರದಲ್ಲಿ ರಾಗಿ, ಜೋಳಗಳು ಅಕ್ಕಿಯ ಬಾಲಂಗೋಚಿಯಾಗಿರದೆ ಆಯಾ ಸೀಮೆಯ ಮುಖ್ಯ ಧಾನ್ಯವಾಗಬೇಕು. ಬೆಂಬಲ ಬೆಲೆ ಘೋಷಿಸಿದರೆ ಸಾಲದು, ಕೊಯ್ಲಿನ ಹೊತ್ತಿಗೆ ಖರೀದಿ ಕೇಂದ್ರ ತೆರೆದು, ಮಿತಿ ಹೇರದೆ ಕೊಳ್ಳುವ ಏರ್ಪಾಡು ಬೇಕು. ಎರಡನೆಯದಾಗಿ, ಕಿರುಧಾನ್ಯಗಳ ತಳಿ ಅಭಿವೃದ್ಧಿಗೆ, ವಿಶೇಷವಾಗಿ ಅವುಗಳ ಸಿಪ್ಪೆ ಬಿಡಿಸುವ ಸಣ್ಣ ಯಂತ್ರಗಳಿಗೆ, ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ ಸ್ಥಿರವಾದ ಅನುದಾನ ದೊರೆಯಬೇಕು. ವರ್ಷಾಚರಣೆಯ ಮೇಳಗಳಿಂದ ತಳಿ ಹುಟ್ಟುವುದಿಲ್ಲ. ಮೂರನೆಯದಾಗಿ, ಹುಲ್ಲುಗಾವಲನ್ನು ಪಾಳುಭೂಮಿಯ ಪಟ್ಟಿಯಿಂದ ತೆಗೆದು, ಕಾಡಿನಷ್ಟೇ ರಕ್ಷಣೆಗೆ ಅರ್ಹವಾದ ಸ್ವತಂತ್ರ ನೆಲೆಯೆಂದು ಕಾನೂನಿನಲ್ಲಿ ಗುರುತಿಸಬೇಕು. ಅಲ್ಲಿ ಸಸಿ ನೆಡುವ ಮುನ್ನ ಆ ನೆಲದ ಹಳೆಯ ನಿವಾಸಿ ಯಾರೆಂದು ವಿಚಾರಿಸುವ ಕನಿಷ್ಠ ಸೌಜನ್ಯವಿರಬೇಕು.

ಹುಲ್ಲುಗಳು ಸಂಕಟದ ಕಾಲವನ್ನು ಒಂದೇ ಉತ್ತರದಿಂದ ದಾಟಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಸಲ, ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ಕಿಣ್ವಗಳ ನೆರವಿನಿಂದ ದಾಟಿದವು. ಹಳೆಯ ಕ್ರಮವನ್ನೇ ಉಳಿಸಿಕೊಂಡ ಭತ್ತ, ಗೋಧಿ, ಬಿದಿರುಗಳೂ ತಮ್ಮ ತಮ್ಮ ನೆಲೆಯಲ್ಲಿ ಬಾಳಿದವು. ಆ ವೈವಿಧ್ಯದ ಫಲ ಇಂದಿಗೂ ನಮ್ಮ ಹೊಲಗಳಲ್ಲಿದೆ, ಕಾವಲುಗಳಲ್ಲಿದೆ. ಮುಂದಿನ ಬಿಸಿಲಿನ ದಶಕಗಳಲ್ಲಿ ಅದು ನಮ್ಮ ನೆರವಿಗೆ ಬರಬೇಕಾದರೆ ಬೀಜವೂ ಉಳಿದಿರಬೇಕು, ನೆಲವೂ ಉಳಿದಿರಬೇಕು. ಎರಡನ್ನೂ ಕಳೆದುಕೊಂಡ ಮೇಲೆ ಪ್ರಯೋಗಶಾಲೆಯಿಂದ ಸಿ-4 ಭತ್ತ ಬಂದರೂ ಬಿತ್ತುವುದೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ.